ಮೂರು ತಯಾರಕರ ಟ್ರಕ್, ಮೂರು ಪೋರ್ಟಲ್: ಟೆಲಿಮ್ಯಾಟಿಕ್ಸ್‌ಗೆ ಯಾವ ಮುಕ್ತ ಮಾನದಂಡ ಹಿಡಿಯೋದು?

ಲಾರಿಲೆಕ್ಕ
ಒಂದೇ ಫ್ಲೀಟಲ್ಲಿ ಮೂರು ತಯಾರಕರ ಟ್ರಕ್ಕುಗಳಿವೆ. ಒಂದಕ್ಕೆ ಕಾರ್ಖಾನೆಯಿಂದಲೇ ಬಂದ ಟೆಲಿಮ್ಯಾಟಿಕ್ಸ್ (ಗಾಡಿಯ ಸ್ಥಾನ, ವೇಗ, ಇಂಧನದ ಮಾಹಿತಿಯನ್ನು ದೂರಕ್ಕೆ ಕಳಿಸೋ ವ್ಯವಸ್ಥೆ), ಉಳಿದ ಎರಡಕ್ಕೆ ಹೊರಗಿನಿಂದ ಕೂರಿಸಿದ ಟ್ರ್ಯಾಕರ್ ಡಬ್ಬಿ. ಪೋರ್ಟಲ್ ಮೂರು, ಲಾಗಿನ್ ಮೂರು, ಒಂದೊಂದರ ಐಡ್ಲಿಂಗ್ (ನಿಂತಲ್ಲೇ ಎಂಜಿನ್ ಓಡೋ) ಲೆಕ್ಕವೂ ಬೇರೆ ಬೇರೆ. ಎಲ್ಲ ಡೇಟಾ ನಮ್ಮದೇ ಡೇಟಾಬೇಸಿಗೆ ಬರಬೇಕು, ನಾಳೆ ವೆಂಡರ್ ಬದಲಾದರೆ ಹಳೇ ದಾಖಲೆ ಅವರ ಜೊತೆ ಹೋಗಬಾರದು. ಓದಿದಷ್ಟೂ ಹೊಸ ಹೆಸರು ಸಿಗ್ತಿದೆ: ಜೆ1939, ಎಫ್‌ಎಂಎಸ್, ಆರ್‌ಎಫ್‌ಎಂಎಸ್, ವಿಎಸ್‌ಎಸ್, ಎಂಕ್ಯೂಟಿಟಿ. ಇದರಲ್ಲಿ ಯಾವುದನ್ನು ಆರಿಸಬೇಕು? ಒಪ್ಪಂದದಲ್ಲಿ "ಮುಕ್ತ ಮಾನದಂಡ ಪಾಲಿಸಬೇಕು" ಅಂತ ಒಂದು ಸಾಲು ಹಾಕಿದರೆ ಸಾಕಾ?

ಗೇಟ್‌ವೇಗೌಡ
ಆ ಸಾಲಿಗೆ ಎಲ್ಲ ವೆಂಡರೂ ಕಣ್ಣುಮುಚ್ಚಿ ಟಿಕ್ ಹಾಕ್ತಾರೆ. ಡಬ್ಬಿ ಒಳಗೆ ಜೆ1939 ಓದುತ್ತಲ್ಲ, ಅಷ್ಟಕ್ಕೇ "ಪಾಲಿಸಿದ್ದೇವೆ" ಅಂತಾರೆ. ಹೊರಗೆ ಬರೋದು ಅವರದೇ ಬೈನರಿ.

ತಂತಿಜಾಲ
ಆರಿಸೋ ಪ್ರಶ್ನೆಯೇ ಇಲ್ಲಿಲ್ಲ. ನೀವು ಹೇಳಿದ ಐದೂ ಒಂದಕ್ಕೊಂದು ಪರ್ಯಾಯ ಅಲ್ಲ, ಬೇರೆ ಬೇರೆ ಜಾಗದಲ್ಲಿ ಕೆಲಸ ಮಾಡ್ತವೆ.

ಗಾಡಿಯ ಒಳಗಿನ ತಂತಿ ಮೇಲೆ ಓಡೋದು ಜೆ1939. 29 ಬಿಟ್ ಐಡಿ ಇರೋ ಕ್ಯಾನ್ (ಗಾಡಿಯ ಕಂಪ್ಯೂಟರುಗಳು ಮಾತಾಡಿಕೊಳ್ಳೋ ಎರಡು ತಂತಿಯ ಜಾಲ, ಇದನ್ನೇ ಬಸ್ ಅಂತಾರೆ), ಸಾಮಾನ್ಯವಾಗಿ ಸೆಕೆಂಡಿಗೆ 250 ಕಿಲೋಬಿಟ್, ಹೊಸ ಗಾಡಿಗಳಲ್ಲಿ 500. ಅದರಲ್ಲಿ ಆಯ್ದ ಕೆಲವು ಸಂದೇಶಗಳನ್ನಷ್ಟೇ ಗೇಟ್‌ವೇ ಮೂಲಕ ಹೊರಗಿನವರಿಗೆ ಕೊಡೋದು ಎಫ್‌ಎಂಎಸ್. ಯುರೋಪಿನ ಟ್ರಕ್ ತಯಾರಕರು 2002ರಲ್ಲಿ ಒಟ್ಟಾಗಿ ಮಾಡಿಕೊಂಡದ್ದು. ಗಾಡಿಗೆ ಕೈ ಹಚ್ಚದೆ, ತಯಾರಕರ ಸರ್ವರಿನಿಂದ ಜೇಸನ್ ರೂಪದಲ್ಲಿ ಡೇಟಾ ಎಳೆಯೋಕೆ ಇರೋದು ಆರ್‌ಎಫ್‌ಎಂಎಸ್. ಎಂಕ್ಯೂಟಿಟಿ ಬರೀ ಸಾಗಣೆ, ಒಳಗೆ ಏನಿದೆ ಅನ್ನೋದು ಅದಕ್ಕೆ ಬೇಕಿಲ್ಲ. ಕೊವೆಸಾ ಅನ್ನೋ ವಾಹನೋದ್ಯಮ ಒಕ್ಕೂಟದ ವಿಎಸ್‌ಎಸ್ ಅನ್ನೋದು ಸಿಗ್ನಲ್‌ಗಳಿಗೆ ಹೆಸರು, ಏಕಮಾನ, ಶ್ರೇಣಿ ಕೊಡೋ ಮರ.

ನಿಮ್ಮ ಕಾರ್ಖಾನೆ ಗಾಡಿಗೆ ತಯಾರಕರು ಕೊಟ್ಟರೆ ಆರ್‌ಎಫ್‌ಎಂಎಸ್. ಉಳಿದ ಎರಡಕ್ಕೆ ಎಫ್‌ಎಂಎಸ್ ಗೇಟ್‌ವೇ ಜೊತೆಗೆ, ಪ್ರೋಟೋಕಾಲನ್ನು ಬಹಿರಂಗವಾಗಿ ಪ್ರಕಟಿಸಿರೋ ಟ್ರ್ಯಾಕರ್. ಎರಡೂ ಬಂದು ಸೇರೋ ಜಾಗದಲ್ಲಿ ನಿಮ್ಮದೇ ಸ್ಕೀಮಾ (ಡೇಟಾಬೇಸಿನ ವಿನ್ಯಾಸ).

ಹೆಕ್ಸಣ್ಣ
ಒಂದು ತಕರಾರು. ಜೆ1939 ಯಾವ ಸೀಮೆ "ಮುಕ್ತ"? ಸಿಗ್ನಲ್ ಪಟ್ಟಿ ಇರೋ ಡಿಜಿಟಲ್ ಅನೆಕ್ಸನ್ನು ಅದನ್ನು ಪ್ರಕಟಿಸೋ ಎಸ್‌ಎಇ ಸಂಸ್ಥೆಗೆ ದುಡ್ಡು ಕೊಟ್ಟೇ ತಗೋಬೇಕು, ಅದನ್ನು ಹಂಚೋ ಹಾಗೂ ಇಲ್ಲ. ಎಫ್‌ಎಂಎಸ್ ದಾಖಲೆ ಪುಕ್ಕಟೆ ಸಿಗುತ್ತೆ, ಅದನ್ನು ಬೇಕಾದ್ರೆ ಮುಕ್ತ ಅನ್ನಿ.

ತಂತಿಜಾಲ
ಒಪ್ಪಿದೆ. ಆದರೆ ಫ್ಲೀಟಿಗೆ ನಿಜವಾಗಿ ಬೇಕಾದ ಇಪ್ಪತ್ತು ಮೂವತ್ತು ಸಿಗ್ನಲ್ ಎಫ್‌ಎಂಎಸ್ ದಾಖಲೆಯಲ್ಲೇ ಬಿಟ್ ಸಮೇತ ಇವೆ. ಅನೆಕ್ಸ್ ಇಲ್ಲದೆಯೂ ಬಹುತೇಕ ಕೆಲಸ ಆಗುತ್ತೆ.

ಬೈಟ್‌ಬಸ
ಲೆಕ್ಕ ಬೇಕಾದವರಿಗೆ ಇಲ್ಲಿದೆ (ಪಿಜಿಎನ್ ಅಂದರೆ ಜೆ1939ರಲ್ಲಿ ಸಂದೇಶದ ಬಗೆ ಹೇಳೋ ಸಂಖ್ಯೆ, "ಬಿಟ್ಟಿಗೆ" ಅಂದರೆ ಬಂದ ಸಂಖ್ಯೆಯ ಪ್ರತಿ ಒಂದಕ್ಕೆ):

ಪಿಜಿಎನ್ 61444, ಎಂಜಿನ್ ವೇಗ, 4 ಮತ್ತು 5ನೇ ಬೈಟ್, ಬಿಟ್ಟಿಗೆ 0.125 ಆರ್‌ಪಿಎಂ.
ಪಿಜಿಎನ್ 65265, ಚಕ್ರದ ವೇಗ, 2 ಮತ್ತು 3ನೇ ಬೈಟ್, ಬಿಟ್ಟಿಗೆ 1/256 ಕಿ.ಮೀ./ಗಂಟೆ.
ಪಿಜಿಎನ್ 65262, ಕೂಲಂಟ್ ಉಷ್ಣತೆ, 1ನೇ ಬೈಟ್, ಬಂದ ಸಂಖ್ಯೆಯಿಂದ 40 ಕಳೆಯಿರಿ.
ಪಿಜಿಎನ್ 65276, ಟ್ಯಾಂಕಿನ ಮಟ್ಟ, 2ನೇ ಬೈಟ್, ಬಿಟ್ಟಿಗೆ 0.4 ಶೇಕಡ.
ಪಿಜಿಎನ್ 65257, ಒಟ್ಟು ಇಂಧನ, 5ರಿಂದ 8ನೇ ಬೈಟ್, ಬಿಟ್ಟಿಗೆ 0.5 ಲೀಟರ್.
ಪಿಜಿಎನ್ 65217, ಒಟ್ಟು ದೂರ, 1ರಿಂದ 4ನೇ ಬೈಟ್, ಬಿಟ್ಟಿಗೆ 5 ಮೀಟರ್.

ಕೈಕೊಡೋದು ಬೈಟ್ ಕ್ರಮ. ಚಿಕ್ಕ ಬೈಟ್ ಮೊದಲು ಬರುತ್ತೆ. ಎಂಜಿನ್ ವೇಗದ ಎರಡು ಬೈಟ್ 104, 19 ಅಂತ ಬಂದಿದೆ ಅನ್ಕೊಳ್ಳಿ. 19 ಗುಣಿಸು 256, ಕೂಡಿಸು 104, ಅಂದರೆ 4968. ಎಂಟರಿಂದ ಭಾಗಿಸಿದರೆ 621 ಆರ್‌ಪಿಎಂ, ನಿಂತ ಗಾಡಿಯ ಐಡ್ಲಿಂಗಿಗೆ ಸರಿಹೋಗುತ್ತೆ. ತಿರುಗಿಸಿ ಓದಿದರೆ 26643, ಅಂದರೆ ಸುಮಾರು 3330 ಆರ್‌ಪಿಎಂ. ಭಾರಿ ಡೀಸೆಲ್ ಎಂಜಿನ್ನಿಗೆ ಅಸಾಧ್ಯ. ಕಾರಿನ ಗ್ರಾಫ್ ನೋಡಿ ಅಭ್ಯಾಸ ಇರೋನಿಗೆ ಮಾತ್ರ ಸಹಜ ಅನ್ನಿಸಿಬಿಡುತ್ತೆ, ತಪ್ಪು ಹಾಗೇ ದಾಟಿಹೋಗುತ್ತೆ.

ಹೆಕ್ಸಣ್ಣ
ಇನ್ನೊಂದು ಸೇರಿಸಿ. 255 ಅಂದರೆ "ಮಾಹಿತಿ ಇಲ್ಲ", 254 ಅಂದರೆ "ಸೆನ್ಸರ್ ದೋಷ". ಅದನ್ನು ಸೋಸದೆ ಗುಣಿಸಿದರೆ ಕೂಲಂಟ್ 215 ಡಿಗ್ರಿ, ವೇಗ ಗಂಟೆಗೆ 255.996 ಕಿ.ಮೀ., ಎಂಜಿನ್ 8191.875 ಆರ್‌ಪಿಎಂ. ಯಾವ ಪೋರ್ಟಲಿನಲ್ಲಾದರೂ ಈ ಮೂರರಲ್ಲಿ ಒಂದು ಕಂಡರೆ ಅವರ ಡಿಕೋಡರ್ ಬರೆದವನು ದಾಖಲೆ ಪೂರ್ತಿ ಓದಿಲ್ಲ ಅಂತ ಧೈರ್ಯವಾಗಿ ಹೇಳಬಹುದು. ಎರಡು ಬೈಟಿನ ಸಿಗ್ನಲ್ಲಿಗೆ ದೊಡ್ಡ ಬೈಟ್ 250 ದಾಟಿದರೆ ಅದು ಅಳತೆ ಅಲ್ಲ, ಬಿಸಾಕಿ.

ಡೀಸೆಲ್‌ಧೂಳು
ಅದಕ್ಕೇ ನಮ್ಮ ಗಾಡಿ ಒಮ್ಮೊಮ್ಮೆ ವಿಮಾನ ಆಗೋದು 😄

ಬೈಟ್‌ಬಸ
ಸರಾಸರಿ ತೆಗೆಯೋ ರಿಪೋರ್ಟಲ್ಲಿ ಇದು ಕಾಣೋದೂ ಇಲ್ಲ ಮಾರಾಯ್ರೆ, ಅದೇ ಅಪಾಯ. ಗರಿಷ್ಠ ವೇಗದ ಕಾಲಂ ನೋಡಿದಾಗಲಷ್ಟೇ ಸಿಕ್ಕಿಬೀಳುತ್ತೆ.

ಇನ್ನೊಂದು: ಒಂದೇ ಪಿಜಿಎನ್ ಬೇರೆ ಬೇರೆ ಇಸಿಯುಗಳಿಂದ (ಎಂಜಿನ್, ಬ್ರೇಕ್ ಮುಂತಾದವುಗಳ ನಿಯಂತ್ರಕ ಕಂಪ್ಯೂಟರ್) ಬರಬಹುದು. 65265 ಅನ್ನು ಎಂಜಿನ್ ಕಳಿಸಬಹುದು, ಮೀಟರ್ ಕ್ಲಸ್ಟರೂ ಕಳಿಸಬಹುದು. ಐಡಿಯ ಕೊನೆಯ 8 ಬಿಟ್ ಮೂಲ ವಿಳಾಸ: 0 ಎಂಜಿನ್, 3 ಗೇರ್‌ಬಾಕ್ಸ್, 11 ಬ್ರೇಕ್, 23 ಕ್ಲಸ್ಟರ್. ವಿಳಾಸ ನೋಡದೆ ಬರೀ ಪಿಜಿಎನ್ ಹಿಡಿದರೆ ಎರಡು ಮೂಲಗಳ ಮೌಲ್ಯ ಕಲಸಿಹೋಗಿ ಗ್ರಾಫ್ ಗರಗಸದ ಹಲ್ಲಿನ ಹಾಗೆ ಕುಣಿಯುತ್ತೆ. ಡೇಟಾಬೇಸಿನಲ್ಲಿ ಮೂಲ ವಿಳಾಸಕ್ಕೆ ಒಂದು ಕಾಲಂ ಇಡಿ.

ಲಾರಿಲೆಕ್ಕ
ಇಷ್ಟೆಲ್ಲ ನಾವೇ ಡಿಕೋಡ್ ಮಾಡಬೇಕಾ? ಟ್ರ್ಯಾಕರ್ ಡಬ್ಬಿಯೇ ಮಾಡಿ ಕೊಡುತ್ತಲ್ಲ?

ಗೇಟ್‌ವೇಗೌಡ
ಕೊಡುತ್ತೆ. ಅದು ಏನು ಮಾಡಿ ಕೊಟ್ಟಿತು ಅಂತ ಪರೀಕ್ಷಿಸೋಕಾದ್ರೂ ನಿಮಗೆ ಇದು ಗೊತ್ತಿರಬೇಕು. ಪ್ರತಿ ಮಾದರಿಯ ಒಂದು ಗಾಡಿಯಲ್ಲಿ ಲಿನಕ್ಸ್ ಲ್ಯಾಪ್‌ಟಾಪ್, ಯುಎಸ್‌ಬಿ ಕ್ಯಾನ್ ಅಡಾಪ್ಟರ್ ಹಚ್ಚಿ ಅರ್ಧ ಗಂಟೆ ಕ್ಯಾನ್‌ಡಂಪ್ (ಬಸ್ಸಿನ ಸಂದೇಶಗಳ ಕಚ್ಚಾ ದಾಖಲೆ) ತೆಗೆದಿಡಿ. ಅದಕ್ಕೆ ಬೇಕಾದ ಸಾಕೆಟ್‌ಕ್ಯಾನ್ ಲಿನಕ್ಸ್ ಕರ್ನಲ್ಲಿನಲ್ಲೇ ಇದೆ, 5.4 ಆವೃತ್ತಿಯಿಂದ ಜೆ1939 ಬೆಂಬಲವೂ ಸೇರಿದೆ. ಇಂಟರ್‌ಫೇಸ್ ಎಬ್ಬಿಸುವಾಗ ಲಿಸನ್-ಓನ್ಲಿ (ಬರೀ ಕೇಳೋ ಸ್ಥಿತಿ) ಆನ್ ಮಾಡೋದು ಮರೀಬೇಡಿ. ಇಲ್ಲದಿದ್ದರೆ ಬಿಟ್‌ರೇಟ್ ತಪ್ಪಿದ ಕ್ಷಣ ನಿಮ್ಮ ಅಡಾಪ್ಟರ್ ಎರರ್ ಫ್ರೇಮ್ ಎಸೆದು ಡ್ಯಾಶ್‌ಬೋರ್ಡಲ್ಲಿ ದೀಪಾವಳಿ ಮಾಡಿಸುತ್ತೆ.

ಓಮ್‌ಕಾರ
ಅದಕ್ಕೂ ಮುಂಚೆ ಮಲ್ಟಿಮೀಟರ್ ಹಿಡೀರಿ. ಒಂಬತ್ತು ಪಿನ್ನಿನ ಡಾಯ್ಚ್ ಕನೆಕ್ಟರಿನಲ್ಲಿ ಎ ನೆಲ, ಬಿ ಬ್ಯಾಟರಿ, ಸಿ ಕ್ಯಾನ್ ಹೈ, ಡಿ ಕ್ಯಾನ್ ಲೋ. ಬ್ಯಾಟರಿ ಸ್ವಿಚ್ ಆಫ್ ಮಾಡಿ ಸಿ ಮತ್ತು ಡಿ ನಡುವೆ ಅಳೆದರೆ 60 ಓಮ್ ಆಸುಪಾಸು ಬರಬೇಕು, ಎರಡು ತುದಿಯಲ್ಲಿ ಎರಡು 120 ಓಮ್ ರೆಸಿಸ್ಟರ್ (ಟರ್ಮಿನೇಟರ್) ಇರೋದರಿಂದ. 120 ಬಂದರೆ ಒಂದು ಟರ್ಮಿನೇಟರ್ ಹೋಗಿದೆ. 40 ಬಂದರೆ ಯಾರೋ ಟ್ರ್ಯಾಕರ್ ಹಾಕುವಾಗ ಅದರ ಒಳಗಿನ ಟರ್ಮಿನೇಟರ್ ಆನ್ ಬಿಟ್ಟಿದ್ದಾರೆ. ಕೊನೆಯದು ಬಲು ಸಾಮಾನ್ಯ. ಬಸ್ ಕೆಲಸ ಮಾಡ್ತಾನೇ ಇರುತ್ತೆ, ಆದರೆ ಅಂಚಿನಲ್ಲಿ. ಬಿಸಿಲು, ತೇವ, ಅಲುಗಾಟ ಸೇರಿದಾಗ ದೋಷ ಬಂದು ಹೋಗುತ್ತೆ, ವರ್ಕ್‌ಶಾಪಿಗೆ ಬಂದಾಗ ಏನೂ ಸಿಗಲ್ಲ.

ಮುಖ್ಯ ತಂತಿಯಿಂದ ಡಬ್ಬಿವರೆಗಿನ ಕವಲು 1 ಮೀಟರ್ ಒಳಗಿರಲಿ. ಹೆಚ್ಚಾದ ತಂತಿಯನ್ನು ಸುರುಳಿ ಸುತ್ತಿ ಡ್ಯಾಶ್ ಹಿಂದೆ ತುರುಕಬೇಡಿ, ಕತ್ತರಿಸಿ.

ಹೆಕ್ಸಣ್ಣ
ಹಸಿರು ಕನೆಕ್ಟರ್ ಕಂಡರೆ ಅದು 500 ಕಿಲೋಬಿಟ್. ಕಪ್ಪು ಪ್ಲಗ್ ಹಸಿರು ಸಾಕೆಟ್ಟಿಗೆ ಹೋಗದ ಹಾಗೆ ಬೇಕಂತಲೇ ಮಾಡಿದ್ದಾರೆ, ಹಳೇ 250ರ ಉಪಕರಣ ಹೊಸ ಗಾಡಿಗೆ ಬಿದ್ದು ಬಸ್ ಕೆಡಿಸಬಾರದು ಅಂತ. ಪಿನ್ ಕೆರೆದು ತುರುಕೋ ಜಾಣರಿಗೆ ಕೈ ಮುಗಿದೆ.

ಡೀಸೆಲ್‌ಧೂಳು
ತಂತಿ ಮುಟ್ಟದೆ ಮೇಲಿಂದಲೇ ಓದೋ ಕ್ಲಿಪ್ ಸಿಗುತ್ತಲ್ಲ, ಇಂಡಕ್ಟಿವ್ ರೀಡರ್. ವಾರಂಟಿ ತಲೆನೋವೂ ಇಲ್ಲ. ಅದನ್ನೇ ಹಾಕಿದ್ರೆ ಆಯ್ತಲ್ಲ?

ಬೈಟ್‌ಬಸ
ಕೇಳೋಕೆ ಚೆನ್ನಾಗಿದೆ, ಆದರೆ ಅದು ಬರೀ ಕೇಳುತ್ತೆ, ಕೇಳಿಕೊಳ್ಳೋಕೆ ಬರಲ್ಲ. ಒಟ್ಟು ಎಂಜಿನ್ ಗಂಟೆ (ಪಿಜಿಎನ್ 65253), ಗಾಡಿಯ ಗುರುತು ಸಂಖ್ಯೆ ವಿಐಎನ್ (65260) ಇವೆಲ್ಲ ಜೆ1939ರಲ್ಲಿ ಕೇಳಿದರೆ ಮಾತ್ರ ಕೊಡೋ ಸಂದೇಶಗಳು. 59904ರಲ್ಲಿ ವಿನಂತಿ ಕಳಿಸಬೇಕು. ಕ್ಲಿಪ್ಪಿನಿಂದ ಅದು ಆಗಲ್ಲ. ಎಫ್‌ಎಂಎಸ್ ಗೇಟ್‌ವೇ ಇವನ್ನು ತಾನಾಗೇ ಆಗಾಗ ಬಿಡುತ್ತೆ. ಹಾಗಾಗಿ ಎಫ್‌ಎಂಎಸ್ ಕಡೆಗೆ ಕ್ಲಿಪ್ ಹಾಕಿದರೆ ಎಲ್ಲ ಸಿಗುತ್ತೆ, ನೇರ ಗಾಡಿ ಬಸ್ಸಿಗೆ ಹಾಕಿದರೆ ಗಂಟೆ ಮೀಟರ್ ಖಾಲಿ ಇರುತ್ತೆ. ಆಮೇಲೆ ವೆಂಡರ್ ಇಗ್ನಿಷನ್ ಸಮಯ ಕೂಡಿಸಿ "ಎಂಜಿನ್ ಗಂಟೆ" ಅಂತ ತೋರಿಸ್ತಾನೆ. ಅದು ಕ್ಲಸ್ಟರಿನ ಗಂಟೆಗೆ ಯಾವತ್ತೂ ಕೂಡಿಬರಲ್ಲ.

ಸರ್ವರ್‌ಸಂಗಯ್ಯ
ತಂತಿ ಪುರಾಣ ಆಯ್ತು, ಮೇಲಕ್ಕೆ ಬರೋಣ.

ಟ್ರ್ಯಾಕರ್ ಕಡೆ: ಪ್ರೋಟೋಕಾಲ್ ಪ್ರಕಟಿಸಿರೋ ಡಬ್ಬಿ ಆದರೆ ಟ್ರಾಕಾರ್ ಅನ್ನೋ ಮುಕ್ತ ತಂತ್ರಾಂಶದ ಸರ್ವರ್ ಎತ್ತಿ ನಿಲ್ಲಿಸಿ. ಅಪಾಚೆ 2.0 ಪರವಾನಗಿ, ಒಂದೊಂದು ಪ್ರೋಟೋಕಾಲಿಗೆ ಒಂದೊಂದು ಪೋರ್ಟ್. ನೀವೇ ಬರೀತೀರಾದರೆ ಟ್ರ್ಯಾಕರ್ ತಯಾರಿಸೋ ಟೆಲ್ಟೋನಿಕಾದ ಕೋಡೆಕ್ 8 ಪ್ರೋಟೋಕಾಲ್ ಒಳ್ಳೆ ಅಭ್ಯಾಸ, ದಾಖಲೆ ಎಲ್ಲರಿಗೂ ತೆರೆದಿದೆ. ಡಬ್ಬಿ ಮೊದಲು ಎರಡು ಬೈಟಿನ ಉದ್ದ, ಆಮೇಲೆ 15 ಅಂಕಿಯ ಐಎಂಇಐ ಕಳಿಸುತ್ತೆ. ನೀವು 1 ಅನ್ನೋ ಒಂದು ಬೈಟ್ ತಿರುಗಿ ಕೊಡಬೇಕು. ನಂತರದ ಪ್ಯಾಕೆಟ್: ನಾಲ್ಕು ಸೊನ್ನೆ ಬೈಟ್, ನಾಲ್ಕು ಬೈಟ್ ಉದ್ದ, ಕೋಡೆಕ್ ಸಂಖ್ಯೆ, ದಾಖಲೆಗಳ ಎಣಿಕೆ, ದಾಖಲೆಗಳು, ಮತ್ತೆ ಎಣಿಕೆ, ಕೊನೆಗೆ ತಪ್ಪು ಪತ್ತೆಗೆ ಸಿಆರ್‌ಸಿ. ಸ್ವೀಕರಿಸಿದ ದಾಖಲೆಗಳ ಎಣಿಕೆಯನ್ನು ನಾಲ್ಕು ಬೈಟಿನಲ್ಲಿ ಉತ್ತರಿಸಲೇಬೇಕು. ಉತ್ತರಿಸದಿದ್ದರೆ ಡಬ್ಬಿ ಅದೇ ಪ್ಯಾಕೆಟ್ಟನ್ನು ಮತ್ತೆ ಮತ್ತೆ ಕಳಿಸ್ತಾ ಕೂರುತ್ತೆ, ಸಿಮ್ಮಿನ ಡೇಟಾ ಖಾಲಿ.

ಇಲ್ಲಿ ಒಂದು ಸೂಕ್ಷ್ಮ ಇದೆ. ಡಿಸ್ಕಿಗೆ ಬರೆದ ಮೇಲೆ ಉತ್ತರ ಕೊಡಿ, ಮೊದಲೇ ಕೊಡಬೇಡಿ. ಉತ್ತರ ಸಿಕ್ಕಿತು ಅಂದರೆ ಡಬ್ಬಿ ತನ್ನ ಮೆಮೊರಿಯಿಂದ ಆ ದಾಖಲೆ ಅಳಿಸುತ್ತೆ. ಆ ಹೊತ್ತಿಗೆ ನಿಮ್ಮ ಡೇಟಾಬೇಸ್ ಬಿದ್ದಿದ್ದರೆ ಆ ಪ್ರಯಾಣದ ದಾಖಲೆ ಇನ್ನೆಲ್ಲೂ ಇಲ್ಲ. ಇನ್ನೊಂದು, ಈ ಕೋಡೆಕ್ಕಿನಲ್ಲಿ ರೇಖಾಂಶ ಮೊದಲು, ಅಕ್ಷಾಂಶ ಆಮೇಲೆ. ಅದಲುಬದಲಾದರೆ ಟ್ರಕ್ ಸಮುದ್ರದಲ್ಲಿ ಈಜುತ್ತೆ.

ಹೆಕ್ಸಣ್ಣ
ಡಿಸ್ಕಿಗೆ ಬರೆಯೋದು ಅಂದರೆ ಕಚ್ಚಾ ಬೈಟ್ ಬರೀಬೇಕು, ಡಿಕೋಡ್ ಮಾಡಿದ್ದನ್ನಷ್ಟೇ ಅಲ್ಲ. ಡಿಕೋಡರಿನಲ್ಲಿ ದೋಷ ಆರು ತಿಂಗಳಾದ ಮೇಲೆ ಸಿಕ್ಕಿದರೆ ಕಚ್ಚಾ ಇದ್ದವನು ಮತ್ತೆ ಓಡಿಸ್ತಾನೆ, ಇಲ್ಲದವನು ಕ್ಷಮಾಪಣೆ ಮೇಲ್ ಬರೀತಾನೆ. ಟ್ರಾಕಾರ್ ತನ್ನ ಲಾಗ್ ಫೈಲಿನಲ್ಲಿ ಹೆಕ್ಸ್ ಬರೆಯುತ್ತೆ, ಆ ಫೈಲುಗಳನ್ನು ಅಳಿಸೋ ಮೊದಲು ಸಂಕುಚಿಸಿ ಬೇರೆಡೆ ಎತ್ತಿಡಿ.

ತಂತಿಜಾಲ
ಇಡೀ ಚರ್ಚೆಯಲ್ಲಿ ಇದೊಂದನ್ನೇ ಪಾಲಿಸಿದರೂ ಲಾರಿಲೆಕ್ಕ ಅವರ ಅರ್ಧ ಸಮಸ್ಯೆ ತೀರುತ್ತೆ. ಮಾನದಂಡ ಯಾವುದೇ ಇರಲಿ, ಕಚ್ಚಾ ಪ್ರತಿ ಯಾರ ಡಿಸ್ಕಿನಲ್ಲಿದೆ ಅನ್ನೋದರ ಮೇಲೇ ವೆಂಡರ್ ಬದಲಿಸೋಕೆ ಆಗುತ್ತೋ ಇಲ್ಲವೋ ನಿರ್ಧಾರ ಆಗೋದು.

ನಿಧಾನಿ
ಆರ್‌ಎಫ್‌ಎಂಎಸ್ ಬಗ್ಗೆ ಯಾರೂ ವಿವರ ಹೇಳಲಿಲ್ಲ. ಕಾರ್ಖಾನೆ ಗಾಡಿಗೆ ಅದೇ ದಾರಿ. ಮುಖ್ಯವಾಗಿ ಮೂರು ಕರೆಗಳು: ಗಾಡಿಗಳ ಪಟ್ಟಿ, ಸ್ಥಾನಗಳು, ಸ್ಥಿತಿಗಳು. ಹೆಡರಿನಲ್ಲಿ ಆವೃತ್ತಿ ಸರಿಯಾಗಿ ಹೇಳಬೇಕು. ದೂರ ಮೀಟರಿನಲ್ಲಿ, ಒಟ್ಟು ಇಂಧನ ಮಿಲಿಲೀಟರಿನಲ್ಲಿ ಬರುತ್ತೆ, ಕಿ.ಮೀ. ಅಂದುಕೊಂಡು ಸೇರಿಸಬೇಡಿ.

ಎಲ್ಲರೂ ಎಡವೋದು ಸಮಯದಲ್ಲಿ. ಪ್ರತಿ ದಾಖಲೆಗೂ ಎರಡು ಸಮಯ ಇರುತ್ತೆ: ಗಾಡಿಯಲ್ಲಿ ಹುಟ್ಟಿದ್ದು, ಸರ್ವರಿಗೆ ತಲುಪಿದ್ದು. ಹುಟ್ಟಿದ ಸಮಯದ ಮೇಲೆ "ಕಳೆದ ಐದು ನಿಮಿಷದ್ದು ಕೊಡು" ಅಂತ ಕೇಳ್ತಾ ಹೋದರೆ, ಸಿಗ್ನಲ್ ಇಲ್ಲದ ಕಡೆ ಎರಡು ಗಂಟೆ ಓಡಿ ಆಮೇಲೆ ಒಟ್ಟಿಗೆ ಕಳಿಸಿದ ಗಾಡಿಯ ಡೇಟಾ ನಿಮಗೆ ಎಂದೂ ಸಿಗಲ್ಲ, ಆ ಕಿಟಕಿ ಮುಚ್ಚಿಹೋಗಿರುತ್ತೆ. ತಲುಪಿದ ಸಮಯದ ಮೇಲೆ ಕೇಳಿ, ಹುಟ್ಟಿದ ಸಮಯದ ಮೇಲೆ ಜೋಡಿಸಿ. "ಇನ್ನೂ ಡೇಟಾ ಇದೆ" ಅನ್ನೋ ಗುರುತು ಉತ್ತರದಲ್ಲಿ ಬಂದಿದ್ದರೆ ಅದು ಹೋಗೋವರೆಗೂ ಕರೆಯಿರಿ. 429 ಬಂದರೆ ಗಲಾಟೆ ಮಾಡದೆ ಕಾಯಿರಿ, ಅದು ಮಿತಿ ಮೀರಿದ್ದಕ್ಕೆ.

ಡೀಸೆಲ್‌ಧೂಳು
ಮತ್ತೆ ತಯಾರಕರು ಕೊಡಲ್ಲ ಅಂದ್ರೆ? ಕೊಟ್ಟರೂ ಗಾಡಿಗಿಷ್ಟು ಅಂತ ತಿಂಗಳ ಶುಲ್ಕ ಕೇಳ್ತಾರಲ್ಲ. ಮುಕ್ತ ಅಂತೆ ಮುಕ್ತ.

ನಿಧಾನಿ
ಮಾನದಂಡ ಹೇಳೋದು ಡೇಟಾದ ರೂಪ. ಬೆಲೆ ಎಷ್ಟು ಅನ್ನೋದು ಅದರ ವ್ಯಾಪ್ತಿಗೆ ಬರಲ್ಲ. ಯುರೋಪಿನಲ್ಲಿ ಡೇಟಾ ಕಾಯ್ದೆ 2025ರ ಸೆಪ್ಟೆಂಬರ್ 12ರಿಂದ ಜಾರಿಯಲ್ಲಿದೆ. ಸಂಪರ್ಕಿತ ಯಂತ್ರ ಬಳಸೋನಿಗೆ ಅದು ಹುಟ್ಟಿಸೋ ಡೇಟಾ ಪಡೆಯೋ ಹಕ್ಕು ಅದರಲ್ಲಿದೆ. ಬೇರೆಡೆ ಒಪ್ಪಂದದಲ್ಲೇ ಬರೆಸಿಕೊಳ್ಳಬೇಕು.

ಗೇಟ್‌ವೇಗೌಡ
ಬರೆಸಿಕೊಳ್ಳೋದು ಅಂದರೆ ಹೀಗೆ, ಲಾರಿಲೆಕ್ಕ ಅವರೇ. "ಮುಕ್ತ ಮಾನದಂಡ" ಅನ್ನೋ ಸಾಲು ತೆಗೆದು, ಕಾನ್ಫಿಗರೇಷನ್ ಪಾಸ್‌ವರ್ಡ್ ನಮ್ಮ ಕೈಯಲ್ಲಿ, ಸರ್ವರ್ ವಿಳಾಸ ನಾವೇ ಬದಲಿಸಬಹುದು, ಸಿಮ್ ನಮ್ಮ ಹೆಸರಲ್ಲಿ, ಪ್ರೋಟೋಕಾಲ್ ದಾಖಲೆ ಒಪ್ಪಂದಕ್ಕೆ ಲಗತ್ತಿಸಬೇಕು, ಮುಗಿದಾಗ ಪೂರ್ತಿ ಇತಿಹಾಸ ಯುಟಿಸಿ ಸಮಯದ ಸಮೇತ ಇಂತಿಷ್ಟು ದಿನದೊಳಗೆ ಕೊಡಬೇಕು. ಪಿಡಿಎಫ್ ರಿಪೋರ್ಟ್ ಇತಿಹಾಸ ಅಲ್ಲ ಅಂತಲೂ ಸೇರಿಸಿ, ಇಲ್ಲದಿದ್ದರೆ ಕೊಡೋದು ಅದನ್ನೇ. ವೆಂಡರ್ ಮುಖ ಸಿಂಡರಿಸಿದರೆ ಅಲ್ಲೇ ಉತ್ತರ ಸಿಕ್ಕಿತು.

ಅಮೆರಿಕದ ಟ್ರಕ್ ಸಾಗಣೆದಾರರ ಸಂಘ ಎನ್‌ಎಂಎಫ್‌ಟಿಎ ಓಪನ್ ಟೆಲಿಮ್ಯಾಟಿಕ್ಸ್ ಎಪಿಐ ಅಂತ ಒಂದನ್ನು ಪ್ರಕಟಿಸಿದೆ. ಸಾಗಣೆದಾರ ಒಂದು ವೆಂಡರಿಂದ ಇನ್ನೊಂದಕ್ಕೆ ಹೋಗೋದು ಸುಲಭ ಆಗಲಿ ಅನ್ನೋದೇ ಅದರ ಉದ್ದೇಶ. ಯಾವ ಯಾವ ಡೇಟಾ ಕೇಳಬೇಕು ಅನ್ನೋ ಪಟ್ಟಿಗಾದರೂ ಅದನ್ನು ನೋಡಿ.

ಲಾರಿಲೆಕ್ಕ
ಒಬ್ಬ ವೆಂಡರ್ "ಭದ್ರತೆಗಾಗಿ ಪ್ರೋಟೋಕಾಲ್ ಗುಟ್ಟಾಗಿಟ್ಟಿದ್ದೇವೆ, ತೆರೆದರೆ ಹ್ಯಾಕ್ ಆಗುತ್ತೆ" ಅಂತಿದ್ದಾರೆ. ಇದರಲ್ಲಿ ಹುರುಳಿದೆಯಾ?

ಹೆಕ್ಸಣ್ಣ
ಟಿಎಲ್‌ಎಸ್ (ಸಾಗೋ ಡೇಟಾಗೆ ಗೂಢಲಿಪಿ) ಹಾಕಿದ್ದಾರಾ ಕೇಳಿ. ಇಲ್ಲ ಅಂದರೆ ಮಾತು ಮುಗೀತು.

ಸರ್ವರ್‌ಸಂಗಯ್ಯ
ಗುಟ್ಟು ಬೇರೆ, ಭದ್ರತೆ ಬೇರೆ. 2024ರಲ್ಲಿ ಕೊಲೊರಾಡೋ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು ಟ್ರಕ್ಕುಗಳ ಇಎಲ್‌ಡಿ (ಚಾಲಕರ ಕೆಲಸದ ಗಂಟೆ ದಾಖಲಿಸೋ) ಡಬ್ಬಿಗಳ ದೌರ್ಬಲ್ಯ ತೋರಿಸಿದರು. ಊಹಿಸಬಹುದಾದ ವೈಫೈ ಪಾಸ್‌ವರ್ಡ್, ಗಾಳಿಯಲ್ಲೇ ಫರ್ಮ್‌ವೇರ್ ಬದಲಿಸೋ ಅವಕಾಶ, ಅಲ್ಲಿಂದ ನೇರ ಕ್ಯಾನ್ ಬಸ್ಸಿಗೆ ಬರೆಯೋ ಸಾಧ್ಯತೆ. ಪ್ರೋಟೋಕಾಲ್ ಗುಟ್ಟಾಗಿತ್ತೋ ಇಲ್ಲವೋ ಅನ್ನೋದು ಇಲ್ಲಿ ಲೆಕ್ಕಕ್ಕೇ ಬರಲಿಲ್ಲ. ನೀವು ಕೇಳಬೇಕಾದ್ದು: ಪ್ರತಿ ಡಬ್ಬಿಗೂ ಬೇರೆ ಪಾಸ್‌ವರ್ಡ್ ಇದೆಯಾ, ಫರ್ಮ್‌ವೇರಿಗೆ ಸಹಿ ಇದೆಯಾ, ಕ್ಯಾನ್ ಟ್ರಾನ್ಸೀವರ್ ಹಾರ್ಡ್‌ವೇರಿನಲ್ಲೇ ಮೌನವಾಗಿದೆಯಾ, ಇಲ್ಲ ಬರೀ ಸಾಫ್ಟ್‌ವೇರ್ ಸೆಟ್ಟಿಂಗಾ?

ಬೈಟ್‌ಬಸ
ಹಾರ್ಡ್‌ವೇರ್ ಮೌನ ಮಾಡಿಸಿದರೆ 65253 ಕೇಳೋಕಾಗಲ್ಲ ಅಂತ ಮೇಲೇ ಹೇಳಿದ್ದೆ. ಎರಡೂ ಬೇಕು ಅಂದರೆ ಎಫ್‌ಎಂಎಸ್ ಗೇಟ್‌ವೇ. ಸುತ್ತಿ ಸುತ್ತಿ ಅಲ್ಲಿಗೇ ಬರುತ್ತೆ.

ಓಮ್‌ಕಾರ
ಗೇಟ್‌ವೇ ಇದೆ ಅಂದ ಮಾತ್ರಕ್ಕೆ ಎಲ್ಲ ಸಿಗ್ನಲ್ ಬರಲ್ಲ. ಎಫ್‌ಎಂಎಸ್‌ನಲ್ಲಿ ಏನೇನು ಕೊಡಬೇಕು ಅನ್ನೋದು ತಯಾರಕರ ಇಚ್ಛೆ, ಇಲ್ಲದ ಕಡೆ 255 ತುಂಬಿಸ್ತಾರೆ. ಆಕ್ಸಲ್ ತೂಕ ಏರ್ ಸಸ್ಪೆನ್ಷನ್ ಇಲ್ಲದ ಗಾಡಿಯಲ್ಲಿ ಹುಡುಕಬೇಡಿ. ಕೆಲವು ಗಾಡಿಗಳಲ್ಲಿ ಗೇಟ್‌ವೇಯನ್ನು ಡೀಲರ್ ಸಾಫ್ಟ್‌ವೇರಿನಿಂದ ಆನ್ ಮಾಡಿಸಬೇಕು. ಪ್ಲಗ್ ಇದೆ, ಡೇಟಾ ಇಲ್ಲ ಅಂದರೆ ಮೊದಲ ಅನುಮಾನ ಅದೇ.

ಡೀಸೆಲ್‌ಧೂಳು
ಇಂಧನ ಕಳ್ಳತನ ಹಿಡಿಯೋಕೆ 65276 ಸಾಕಲ್ವಾ? ಮಟ್ಟ ಧುತ್ತಂತ ಇಳಿದರೆ ಅಲಾರಂ.

ನಿಧಾನಿ
ಇಳಿಜಾರಲ್ಲಿ ನಿಂತ ಗಾಡಿಗೂ ಅಲಾರಂ ಹೊಡೆಯುತ್ತೆ. ಫ್ಲೋಟ್ ಒಂದೇ ಜಾಗದಲ್ಲಿದೆ, ಡೀಸೆಲ್ ಅಲ್ಲಾಡುತ್ತೆ. 600 ಲೀಟರ್ ಟ್ಯಾಂಕಿನಲ್ಲಿ ಒಂದು ಬಿಟ್ ಅಂದರೆ 2.4 ಲೀಟರ್, ಸೆನ್ಸರಿನ ನಿಜವಾದ ನಿಖರತೆ ಅದಕ್ಕಿಂತ ಒರಟು. ಎಂಜಿನ್ ಆಫ್ ಆದ ಮೇಲೆ ಐದು ಹತ್ತು ನಿಮಿಷ ಬಿಟ್ಟು ಒಂದು ಮೌಲ್ಯ, ಮತ್ತೆ ಆನ್ ಆಗುವಾಗ ಒಂದು ಮೌಲ್ಯ, ಗಾಡಿ ಅದೇ ಜಾಗದಲ್ಲಿದ್ದರೆ ಎರಡರ ವ್ಯತ್ಯಾಸ ನೋಡಿ. ಓಡುವಾಗಿನ ಬಳಕೆಗೆ 65257ರ ಒಟ್ಟು ಇಂಧನ, ಇದ್ದರೆ 64777, ಅದರಲ್ಲಿ ಬಿಟ್ಟಿಗೆ ಒಂದು ಮಿಲಿಲೀಟರ್. ಎರಡೂ ಇಂಜೆಕ್ಟರ್ ಲೆಕ್ಕ, ಅಳೆದದ್ದಲ್ಲ. ಬಂಕಿನ ಬಿಲ್ಲಿಗೆ ಪೂರ್ತಿ ಹೊಂದಲ್ಲ.

ಲಾರಿಲೆಕ್ಕ
ಹಾಗಾದ್ರೆ ಡೇಟಾಬೇಸಿನಲ್ಲಿ ಹೆಸರಿಡೋಕೆ ವಿಎಸ್‌ಎಸ್ ಹಿಡಿಯೋದು ಸರಿನಾ? ದೋಷ ಸಂಕೇತಗಳನ್ನೂ ಅದರಲ್ಲೇ ಇಡಬಹುದಾ?

ತಂತಿಜಾಲ
ಹೆಸರು, ಏಕಮಾನಕ್ಕೆ ಹಿಡೀರಿ, ಹೊಸದಾಗಿ ಕಂಡುಹಿಡಿಯೋದಕ್ಕಿಂತ ವಾಸಿ. ಮರ ಮೊದಲಿಗೆ ಕಾರಿನ ಕಣ್ಣಲ್ಲಿ ಬೆಳೆದದ್ದು, ಟ್ರೇಲರ್, ಬಾಡಿ ಉಪಕರಣಗಳಿಗೆ ಓವರ್‌ಲೇ (ಮರಕ್ಕೆ ನಿಮ್ಮದೇ ಹೆಚ್ಚುವರಿ ಕೊಂಬೆ) ಬರೆದುಕೊಳ್ಳಬೇಕಾಗುತ್ತೆ. ಜೆಸಿಬಿ ತರಹದ ಯಂತ್ರಗಳೂ ಇದ್ದರೆ ಅವಕ್ಕೆ ಐಎಸ್‌ಒ 15143-3 ಬೇರೆಯೇ ಇದೆ, ಗಂಟೆ ಮತ್ತು ಇಂಧನದ ಲೆಕ್ಕ ಅಲ್ಲಿಂದ ಎಳೀಬಹುದು.

ದೋಷ ಸಂಕೇತ ಮಾತ್ರ ಬೇರೆ ಟೇಬಲ್. ಎಸ್‌ಪಿಎನ್ (ದೋಷ ಯಾವುದರದ್ದು), ಎಫ್‌ಎಂಐ (ದೋಷದ ಬಗೆ), ಎಣಿಕೆ, ಮೂಲ ವಿಳಾಸ, ಕಾಣಿಸಿದ ಸಮಯ, ಮಾಯವಾದ ಸಮಯ.

ಬೈಟ್‌ಬಸ
ಸದ್ಯದ ದೋಷಗಳನ್ನು ಹೇಳೋ ಡಿಎಂ1 ಸಂದೇಶ ಓದುವಾಗ ಹುಷಾರು. ಪಿಜಿಎನ್ 65226, ಮೊದಲ ಎರಡು ಬೈಟ್ ದೀಪಗಳು, ಆಮೇಲೆ ದೋಷಕ್ಕೆ ನಾಲ್ಕು ಬೈಟ್: 19 ಬಿಟ್ ಎಸ್‌ಪಿಎನ್, 5 ಬಿಟ್ ಎಫ್‌ಎಂಐ, 7 ಬಿಟ್ ಎಣಿಕೆ, 1 ಬಿಟ್ ಪರಿವರ್ತನೆ ವಿಧಾನ. ಎಸ್‌ಪಿಎನ್‌ನ ಮೇಲಿನ 3 ಬಿಟ್ ಎಫ್‌ಎಂಐ ಇರೋ ಬೈಟಿನಲ್ಲೇ ಕೂತಿರುತ್ತೆ, ಅದನ್ನು ಬಿಟ್ಟರೆ ದೊಡ್ಡ ಎಸ್‌ಪಿಎನ್‌ಗಳೆಲ್ಲ ಬೇರೆ ಭಾಗದ ದೋಷವಾಗಿ ಕಾಣ್ತವೆ. ಒಂದೇ ದೋಷ ಇದ್ದರೆ 8 ಬೈಟಿನ ಒಂದು ಫ್ರೇಮ್ ಸಾಕು. ಎರಡಾದರೆ 10 ಬೈಟ್, ಆಗ 60416ರಲ್ಲಿ ಘೋಷಣೆ ಬಂದು 60160ರಲ್ಲಿ ತುಂಡು ತುಂಡಾಗಿ ಬರುತ್ತೆ. ಅಗ್ಗದ ಡಬ್ಬಿಗಳು ಈ ತುಂಡು ಜೋಡಿಸೋದೇ ಇಲ್ಲ. ಹಾಗಾಗಿ ಒಂದು ದೋಷ ಇದ್ದಾಗ ತೋರಿಸ್ತವೆ, ಎರಡನೇದು ಸೇರಿದ ಕೂಡಲೇ ಪೋರ್ಟಲ್ ಖಾಲಿ, ಗಾಡಿ ಗುಣವಾಯ್ತು ಅಂದುಕೊಳ್ತೀರಿ. ಖರೀದಿಗೆ ಮುಂಚೆ ಎರಡು ಸೆನ್ಸರ್ ಪ್ಲಗ್ ಒಟ್ಟಿಗೆ ಕಿತ್ತು ನೋಡಿ.

ಓಮ್‌ಕಾರ
ಬ್ರೇಕಿನದ್ದು ಕೀಳಬೇಡಿ ಮತ್ತೆ. ಹೊರಗಿನ ಉಷ್ಣತೆ, ವಾಷರ್ ಮಟ್ಟ, ಇಂಥವು. ಮುಗಿದ ಮೇಲೆ ದೋಷ ಅಳಿಸಿ ಗಾಡಿ ಬಿಡಿ.

ಲಾರಿಲೆಕ್ಕ
ಪೈಲಟ್‌ಗೆ ಮಾದರಿಗೊಂದು ಗಾಡಿ ತೆಗೆದಿಡ್ತೀನಿ. 520192ಕ್ಕಿಂತ ಮೇಲಿನ ಎಸ್‌ಪಿಎನ್ ಬಂದರೆ ಪಟ್ಟಿಯಲ್ಲಿ ಹುಡುಕಿದರೂ ಸಿಗ್ತಿಲ್ಲ, ಅದೇನು?

ಹೆಕ್ಸಣ್ಣ
ತಯಾರಕರ ಸ್ವಂತದ್ದು. ಸರ್ವಿಸ್ ಮ್ಯಾನುಯಲ್ ಬೇಕು. ಸದ್ಯಕ್ಕೆ ಸಂಖ್ಯೆ ಹಾಗೇ ಇಟ್ಟುಕೊಳ್ಳಿ, "ಅಜ್ಞಾತ" ಅಂತ ಒಂದೇ ಸಾಲಿಗೆ ತಳ್ಳಬೇಡಿ.